ಕಿಟಕಿಯ ಕೆಳಗಿನ ಜೋಡುನಳಿಗೆ

“ಇಲ್ಲಿ ತಗದಿದ್ದು ಪಿಸ್ತೂಲಿನ ಚಿತ್ರ. ನಂದು ಬಂದೂಕ. ಇದು ನನಗ ಹ್ಯಾಂಗ ಲಾಗೂ ಆಗತೈತ್ರಿ?”

ಗಜೇಂದ್ರಗಡದ ಆ ಖಾಸಗಿ ದವಾಖಾನೆಯ ಗೇಟಿನ ಫಲಕವನ್ನು ಶರಣಬಸಪ್ಪ ಕನ್ನಡಕ ಏರಿಸಿ ಎರಡನೆಯ ಸಲ ಓದಿದ. ಪಿಸ್ತೂಲಿನ ಮೇಲೆ ಕೆಂಪು ಗೆರೆ, ಕೆಳಗೆ ‘ಲೈಸೆನ್ಸ್ ಇದ್ದರೂ ಆಯುಧಗಳಿಗೆ ಪ್ರವೇಶವಿಲ್ಲ’ ಎಂಬ ಅಕ್ಷರ. ಅರವತ್ತೆಂಟು ತುಂಬಿದರೂ ಕಂಡದ್ದನ್ನೆಲ್ಲ ಕೆದಕಿ ಕೇಳುವ ಚಾಳಿ ಅವನನ್ನು ಬಿಟ್ಟಿರಲಿಲ್ಲ.

“ಚಿತ್ರ ಯಾವುದರೆ ಇರಲ್ರಿ ಯಜಮಾನ್ರ, ಅಕ್ಷರ ಓದ್ರಿ,” ಅಂದ ಕಾವಲುಗಾರ ಕರೆಪ್ಪ. ಹದಿನೇಳು ವರ್ಷ ಫೌಜಿನಲ್ಲಿ ರೈಫಲ್ ಹೊತ್ತವನು ಈಗ ಬೆತ್ತ ಹಿಡಿದು ನಿಂತಿದ್ದ.

ರಾಜೂರಿನಿಂದ ಶರಣಬಸಪ್ಪ ಹೊರಟದ್ದು ದವಾಖಾನೆಗಲ್ಲ. ಚುನಾವಣೆ ಬಂತೆಂದರೆ ಬೆಳೆ ಕಾಯುವ ಬಂದೂಕನ್ನೂ ಪೊಲೀಸ್ ಠಾಣೆಯಲ್ಲಿಟ್ಟು ಚೀಟಿ ತರಬೇಕು. ಅಪ್ಪನ ಕಾಲದ ಜೋಡುನಳಿಗೆ ಬಂದೂಕನ್ನು ಹಳೆಯ ಕೌದಿಯಲ್ಲಿ ಸುತ್ತಿಕೊಂಡು ಬಸ್ಸಿಳಿಯುವಷ್ಟರಲ್ಲಿ ಅಕ್ಕನ ಮಗಳು ಬನಶ್ರೀಯ ಫೋನು. “ಮಾಮಾ, ನಾಳಿನ ಆಪರೇಶನ್ ಇವತ್ತ ಮಾಡತಾರಂತ, ಹನ್ನೊಂದಕ್ಕ. ನಿಮ್ಮ ಮಾರಿ ನೋಡದ ಒಳಗ ಹೋಗಂಗಿಲ್ಲ ಅಂತ ಅವ್ವ ಹಟ ಹಿಡದಾಳ. ಲಗೂ ಬರ್ರಿ.”

ಅಕ್ಕ ನೀಲವ್ವನಿಗೆ ಎಪ್ಪತ್ನಾಲ್ಕು. ಹೊಟ್ಟೆಯಲ್ಲಿ ಗಡ್ಡೆ, ಮೇಲೆ ಸಕ್ಕರೆ ಬೇನೆ. ಠಾಣೆಯಲ್ಲಿ ಪಾಳಿ ಹಚ್ಚಿದರೆ ಮಧ್ಯಾಹ್ನವಾದೀತೆಂದು ಶರಣಬಸಪ್ಪ ನೇರ ಇಲ್ಲಿಗೇ ಬಂದಿದ್ದ. ಈಗ ಹತ್ತೂ ಮುಕ್ಕಾಲು. ಇವತ್ತು ನೋಡದಿದ್ದರೆ ಇನ್ನೆಂದೂ ನೋಡಲಾರೆನೇನೋ ಎಂಬ ಹೆದರಿಕೆ ಅವನಿಗೆ.

“ಹಂಗಾರ ನೀವ ಹಿಡಕೊಂಡು ನಿಂದರ್ರಿ. ಒಳಗ ಅಕ್ಕನ ಆಪರೇಶನ್ ಐತಿ, ಆಕಿ ಮಗಳು ಫೋನ್ ಮಾಡ್ಯಾಳ. ಮಾರಿ ನೋಡಿ ಹತ್ತು ಮಿನಿಟಿನಾಗ ಬರ್ತೀನಿ.”

ಕರೆಪ್ಪನ ಕೈ ತಾನಾಗಿಯೇ ಮುಂದೆ ಬಂದು ಅರ್ಧಕ್ಕೇ ನಿಂತಿತು. “ಆಗಂಗಿಲ್ರಿ. ಲೈಸೆನ್ಸ್ ನಿಮ್ಮ ಹೆಸರಿಲೆ ಐತಿ. ನನ್ನ ಕೈಗೆ ಕೊಟ್ರ ನಿಮಗೂ ತ್ರಾಸ, ನನಗೂ ತ್ರಾಸ.”

“ಒಳಗ ಒಯ್ಯೂಹಂಗಿಲ್ಲ, ಹೊರಗ ಬಿಡೂಹಂಗಿಲ್ಲ. ಇದ್ಯಾವ ಕಾಯ್ದೆರಿ?”

“ಮಾಲಕರ ಜಾಗಾ, ಮಾಲಕರ ಕಾಯ್ದೆ. ನಿಮ್ಮ ಹೊಲದಾಗ ಯಾರನ್ನ ಬೇಕಾದ್ರೂ ಬಿಡತೀರೇನ್ರಿ ನೀವು?”

ಆ ಮಾತು ಶರಣಬಸಪ್ಪನಿಗೂ ಸರಿ ಎನಿಸಿತು. ಸರಿ ಎನಿಸಿದ್ದಕ್ಕೇ ಸಂಕಟ ಹೆಚ್ಚಾಯಿತು.

ಕೌದಿಯಿಂದ ಹಣಕಿದ ನಳಿಗೆಯ ತುದಿಯನ್ನು ಕರೆಪ್ಪ ಕುತೂಹಲದಿಂದ ನೋಡುತ್ತಿದ್ದ. “ಇದರಿಂದ ಹಂದಿ ಎಷ್ಟ ಹೊಡದೀರಿ?”

“ಒಂದೂ ಇಲ್ಲ. ನಾ ಇದನ್ನ ಹಾರಿಸೇ ಇಲ್ಲ. ಸಪ್ಪಳಕ್ಕ ಅಂಜತೀನಿ.” ಶರಣಬಸಪ್ಪ ನಾಚಿದ. “ಸಣ್ಣಾಂವಿದ್ದಾಗ ಜ್ವಾಳದ ಹೊಲದಾಗ ಅಟ್ಟದ ಮ್ಯಾಲೆ ಕುಂತು ಅಪ್ಪ ಹಾರಸ್ತಿದ್ದ. ನಾ ಅಳತಿದ್ದೆ. ಅಕ್ಕ ಎರಡೂ ಕೈಲೆ ನನ್ನ ಕಿವಿ ಮುಚ್ಚತಿದ್ಲು. ಆಕಿ ಕಿವಿ ಮುಚ್ಚಾಕ ಕೈ ಎಲ್ಲಿ ಉಳೀತಿದ್ದೂ? ಎಡಗಿವಿ ಇವತ್ತಿಗೂ ಮಂದ ಐತಿ ಆಕೀದು.”

ಕರೆಪ್ಪ ಗೇಟಿನ ಹಳಿಯಿಂದಾಚೆ, ರಸ್ತೆಯ ಬದಿಯಲ್ಲಿ ಬೆತ್ತದಿಂದ ಒಂದು ಗೆರೆ ಎಳೆದ. “ಇಲ್ಲಿ ನಿಂದರ್ರಿ. ಇದು ದವಾಖಾನಿ ಜಾಗಾ ಅಲ್ಲ. ಮ್ಯಾಲಿನ ಕಿಟಕಿ ಹೆಣ್ಣಮಕ್ಕಳ ವಾರ್ಡಿಂದು. ನಿಮ್ಮ ಅಕ್ಕನ ಮಗಳಿಗೆ ಫೋನ್ ಹಚ್ರಿ.”

ಶರಣಬಸಪ್ಪ ಫೋನು ಹಚ್ಚಿ, ಕತ್ತೆತ್ತಿ ಕಾದ.

ಕಿಟಕಿ ತೆರೆಯಿತು. ಅಕ್ಕನಿಗೆ ಆಪರೇಶನ್ನಿನ ಹಸಿರು ಅಂಗಿ ತೊಡಿಸಿದ್ದರು. ಬನಶ್ರೀ ಹಿಂದಿನಿಂದ ಹಿಡಿದುಕೊಂಡಿದ್ದಳು. ಕುಂಕುಮವಿಲ್ಲದ ಹಣೆಯನ್ನು ಸರಳಿಗೆ ಒತ್ತಿ ನೀಲವ್ವ ಕೆಳಗೆ ಹುಡುಕಿದಳು, ತಮ್ಮನನ್ನು ಕಂಡಳು. ಅಕ್ಕ ಗಾಬರಿಯಾದಾಳೆಂದು ಅವನು ಕೌದಿಯ ಗಂಟನ್ನು ಬೆನ್ನ ಹಿಂದೆ ಸರಿಸಿದ. ತಡವಾಗಿತ್ತು. ಅವಳಾಗಲೇ ನಳಿಗೆಯ ತುದಿ ನೋಡಿದ್ದಳು.

ನೀಲವ್ವ ಸರಳು ಬಿಟ್ಟು, ಎರಡೂ ಅಂಗೈಗಳನ್ನು ತನ್ನ ಕಿವಿಗಳ ಮೇಲೆ ಒತ್ತಿಕೊಂಡು, ಕೆಳಗಿದ್ದ ತಮ್ಮನನ್ನು ನೋಡಿ ನಕ್ಕಳು.