ನಕ್ಷೆ ಕೋಣೆಯ ಸೊನ್ನೆ

ಯಾರ ಕಂಪ್ಯೂಟರ್ ಕೆಟ್ಟರೂ ಅವನು ಕೇಳುವ ಮೊದಲ ಪ್ರಶ್ನೆ "ಪ್ಲಗ್ ಹಾಕಿದೀರಾ?" ಎಂಬುದಾದ್ದರಿಂದ ನೀರು ಸರಬರಾಜು ಕಚೇರಿಯ ನಾಲ್ಕೂ ಮಹಡಿಗಳಲ್ಲಿ ಅವನ ಹೆಸರು ಪ್ಲಗ್ಗಪ್ಪ. ಹತ್ತರಲ್ಲಿ ಏಳು ಸಲ ಪ್ಲಗ್ ನಿಜವಾಗಿಯೂ ಹಾಕಿರುತ್ತಿರಲಿಲ್ಲ. ಹಾಗಾಗಿ ಆ ಹೆಸರಿನ ಬಗ್ಗೆ ಅವನಿಗೆ ಬೇಸರವಿರಲಿಲ್ಲ, ಒಳಗೊಳಗೇ ಸ್ವಲ್ಪ ಜಂಬವೇ ಇತ್ತು.

ಕಚೇರಿಯ ಮುನ್ನೂರ ನಲವತ್ತು ಕಂಪ್ಯೂಟರುಗಳನ್ನು ಅವನು ಕೂತ ಕುರ್ಚಿಯಿಂದ ಏಳದೆ ನೋಡಿಕೊಳ್ಳುತ್ತಿದ್ದ. ದಿನಾ ಬೆಳಿಗ್ಗೆ ಅವನು ಬರೆದ ಪುಟ್ಟ ಸ್ಕ್ರಿಪ್ಟೊಂದು ಪ್ರತಿ ಯಂತ್ರದೊಳಗೂ ಹೊಕ್ಕು, ಡಿಸ್ಕ್ ಎಷ್ಟು ತುಂಬಿದೆ, ಮೆಮೊರಿ ಎಷ್ಟಿದೆ ಎಂದು ವಿಚಾರಿಸಿ, ಉತ್ತರಗಳನ್ನು ತಂದು ಅವನ ಪಟ್ಟಿಯಲ್ಲಿ ಸುರಿಯುತ್ತಿತ್ತು. ಹೊಸದೊಂದು ಪ್ರಶ್ನೆ ಸೇರಿಸುವುದು ನಾಲ್ಕು ಸಾಲಿನ ಕೆಲಸ. ಹಾಗಾಗಿ ಮೇಲಧಿಕಾರಿ ಮೇಡಂ ಕರೆದು, "ಯಾವ ಕಂಪ್ಯೂಟರ್, ಯಾವ ರೂಮ್ ಸುಮ್ನೆ ಕೂತಿದೆ ಅಂತ ನಂಗೆ ಗೊತ್ತಾಗ್ಬೇಕು," ಎಂದಾಗ ಅವನು ತಲೆ ಕೆರೆದುಕೊಳ್ಳಲೂ ಇಲ್ಲ. ತೊಂಬತ್ತು ದಿನಗಳಲ್ಲಿ ಪ್ರತಿ ಯಂತ್ರದಲ್ಲೂ ಎಷ್ಟು ಸಲ ಲಾಗಿನ್ ಆಗಿದೆ ಎಂದು ಎಣಿಸುವ ಸಾಲುಗಳನ್ನು ಚಹಾ ಆರುವುದರೊಳಗೆ ಬರೆದು ಮುಗಿಸಿದ.

ಹನ್ನೊಂದು ಯಂತ್ರಗಳಿಗೆ ಸೊನ್ನೆ ಬಂತು. ಎದ್ದು ಹೋಗಿ ಒಂದು ಸಲ ಕಣ್ಣಾರೆ ನೋಡಿದ್ದರೆ ಆಗುತ್ತಿತ್ತು. ಮೈಗಳ್ಳನಿಗೆ ಮೆಟ್ಟಿಲು ಇಳಿಯುವುದೂ ದೂರದ ಪ್ರಯಾಣ. ಪಟ್ಟಿ ಹಾಗೆಯೇ ಮೇಲಕ್ಕೆ ಹೋಯಿತು.

ಮಂಗಳವಾರ ಆದೇಶ ಬಂತು. ಹತ್ತು ಯಂತ್ರಗಳು ಗುಜರಿಗೆ. ಹನ್ನೊಂದನೆಯದು ನೆಲಮಹಡಿಯ ನಕ್ಷೆ ಕೋಣೆಯದು. ತೊಂಬತ್ತು ದಿನದಿಂದ ಅಲ್ಲಿ ಕೆಲಸವೇ ನಡೆದಿಲ್ಲವಾದ್ದರಿಂದ ಕೋಣೆಯನ್ನು ಮುಚ್ಚುವುದು, ಅಲ್ಲಿರುವ ಒಬ್ಬರೇ ನೌಕರರನ್ನು ಊರಾಚೆಯ ಪೈಪ್ ಗೋದಾಮಿಗೆ ಕಳಿಸುವುದು.

ಪ್ಲಗ್ಗಪ್ಪ ಆದೇಶವನ್ನು ಮೊದಲಿನಿಂದ ಮತ್ತೊಮ್ಮೆ ಓದಿದ. ಆ ನೌಕರರೆಂದರೆ ನಕ್ಷೆ ಅಕ್ಕ. ಎಲ್ಲಾದರೂ ಪೈಪ್ ಒಡೆದರೆ ರಿಪೇರಿಯವರು ಕೆಸರು ಬೂಟಿನಲ್ಲೇ ಅವರ ಕೋಣೆಗೆ ಓಡುತ್ತಿದ್ದರು. ಯಾವ ರಸ್ತೆಯಡಿ ಯಾವ ಕೊಳವೆ, ಯಾವ ವಾಲ್ವ್ ತಿರುಗಿಸಬೇಕು ಎಂದು ಅವರು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಆದರೆ ಆ ಮುದಿ ಯಂತ್ರದಲ್ಲಿ ನಕ್ಷೆಗಳೆಲ್ಲ ತೆರೆದುಕೊಳ್ಳಲು ಇಪ್ಪತ್ತು ನಿಮಿಷ ಬೇಕು. ನಾಲ್ಕು ವರ್ಷದ ಹಿಂದೆ, ಬೀದಿಯಲ್ಲಿ ನೀರು ಉಕ್ಕುತ್ತಿದ್ದಾಗ ಇಲ್ಲಿ ಪರದೆ ತೆರೆಯದೆ ಎಲ್ಲರೂ ಪರದಾಡಿದ ದಿನ, ಉಪಾಯ ಹೇಳಿಕೊಟ್ಟವನು ಇವನೇ: "ಅಕ್ಕಾ, ಇನ್ಮೇಲೆ ಲಾಗಾಫ್ ಮಾಡ್ಲೇಬೇಡಿ. ಸಂಜೆ ಲಾಕ್ ಮಾಡಿ ಹೋಗಿ, ಬೆಳಿಗ್ಗೆ ಲಾಕ್ ತೆಗೀರಿ. ಎಲ್ಲ ಇದ್ದ ಹಾಗೇ ಇರುತ್ತೆ."

"ಆಯ್ತು ತಮ್ಮಾ," ಎಂದಿದ್ದರು ಅಕ್ಕ. ಅಂದಿನಿಂದ ಆ ಮಾತನ್ನು ಒಂದು ದಿನವೂ ತಪ್ಪಿರಲಿಲ್ಲ. ಅವನ ಸ್ಕ್ರಿಪ್ಟಾದರೋ ಹೊಸ ಲಾಗಿನ್ ಮಾತ್ರ ಎಣಿಸುತ್ತಿತ್ತು. ಲಾಕ್ ತೆಗೆದದ್ದು ಅದರ ಲೆಕ್ಕಕ್ಕಿಲ್ಲ. ದಿನವಿಡೀ ದುಡಿಯುವ ಯಂತ್ರಕ್ಕೆ ಸೊನ್ನೆ ಬಿದ್ದದ್ದು ಹೀಗೆ.

ಆಗಲೇ ಎದ್ದು ಮೇಲಕ್ಕೆ ಹೋಗಿ ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡ. ನಾಳೆ ಸಭೆಯಿತ್ತು. ಸಭೆಯಲ್ಲಿ ಮೇಡಂ ಅವನನ್ನು ನಿಲ್ಲಿಸಿ, "ಕೂತ ಜಾಗದಿಂದಲೇ ಇಡೀ ಆಫೀಸಿನ ಕಣ್ಣು ತೆರೆಸಿದೋರು ಇವ್ರು," ಎಂದು ಚಪ್ಪಾಳೆ ಹೊಡೆಸಿದರು. ಹಿಂದಿನ ಸಾಲಿನಲ್ಲಿ ಯಾರೋ, "ಪಟ್ಟಿ ಸುಳ್ಳು ಹೇಳಲ್ಲ ಬಿಡಿ," ಎಂದದ್ದಕ್ಕೇ ಪ್ಲಗ್ಗಪ್ಪ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡ. ಬಾಯಿ ಮಾತ್ರ ತೆರೆಯಲಿಲ್ಲ.

ಮನೆಯಲ್ಲಿ ಹೆಂಡತಿ, "ಹೊಗಳಿದ್ರು ಅಂತೀರಿ, ಮುಖ ನೋಡಿದ್ರೆ ಹೊಡೆದು ಕಳಿಸಿದ ಹಾಗಿದೆ," ಎಂದಳು. ತಲೆನೋವು ಎಂದ. ಅದೂ ಸುಳ್ಳೇ.

ಗುರುವಾರ ಬೆಳಿಗ್ಗೆ ಯಂತ್ರವನ್ನು ತರಲು ತಳ್ಳುಗಾಡಿಯೊಂದಿಗೆ ಅವನೇ ಇಳಿಯಬೇಕಾಯಿತು. ಅಕ್ಕ ಒದ್ದೆ ಬಟ್ಟೆಯಿಂದ ಕೀಬೋರ್ಡ್ ಒರೆಸುತ್ತಿದ್ದರು. ಮೇಜಿನ ಮೇಲೆ ಚೀಲ ಕಟ್ಟಿಟ್ಟಿತ್ತು.

"ಬಾ ತಮ್ಮಾ. ತಗೊಂಡು ಹೋಗು. ಈಗ ಲಾಗಾಫ್ ಮಾಡ್ಬಹುದಾ?"

ಆ ಪ್ರಶ್ನೆಗೆ ಅವನು ಭೂಮಿಗಿಳಿದು ಹೋದ. ತಳ್ಳುಗಾಡಿಯ ಹಿಡಿಕೆ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದ. ಸ್ಕ್ರಿಪ್ಟು, ಸೊನ್ನೆ, ಲಾಕು, ನಾಲ್ಕು ವರ್ಷದ ಹಿಂದಿನ ತನ್ನದೇ ಉಪಾಯ. ಅಕ್ಕ ಒರೆಸುವುದನ್ನು ನಿಲ್ಲಿಸಿ ಕೇಳಿದರು.

"ನಿಂಗೆ ಯಾವಾಗ ಗೊತ್ತಾಯ್ತು?"

"ಮಂಗಳವಾರ."

"ಇವತ್ತು ಗುರುವಾರ." ಬಟ್ಟೆಯನ್ನು ಮಡಿಸಿಟ್ಟರು. "ಈ ಎರಡು ದಿನ ನಾನು ಏನಂದ್ಕೊಂಡಿದ್ದೆ ಗೊತ್ತಾ? ಕಂಪ್ಯೂಟರೇ ಹೇಳಿದೆ ಅಂದ್ಮೇಲೆ, ನಾನು ನಿಜವಾಗ್ಲೂ ಕೆಲಸಾನೇ ಮಾಡಿಲ್ವೇನೋ, ಸುಮ್ನೆ ಬಂದು ಹೋಗ್ತಿದ್ದೆನೇನೋ ಅಂತ. ನಮ್ಮೆಜಮಾನ್ರ ಮುಂದೆ ಬಾಯಿ ಬಿಡೋಕೂ ನಾಚಿಕೆಯಾಯ್ತು."

ನಾಚಿಕೆ ತನ್ನದಾಗಬೇಕಿತ್ತು, ಅದನ್ನೂ ಎರಡು ದಿನ ಈ ಹೆಂಗಸಿನ ತಲೆಗೆ ಕಟ್ಟಿದ್ದೆ ಎಂದು ಅವನಿಗೆ ಹೊಳೆಯಿತು. ಗಾಡಿಯನ್ನು ಅಲ್ಲೇ ಬಿಟ್ಟು ಮೂರು ಮಹಡಿ ಹತ್ತಿ ಹೋದ. ಮೇಡಂ ನಾಲ್ಕು ಜನರ ಮುಂದೆ ಅವನ ನೀರಿಳಿಸಿದರು. ಅರ್ಧ ಗಂಟೆಯಲ್ಲಿ ಆದೇಶ ರದ್ದಾಯಿತು. ಎರಡು ದಿನ ಅವನು ಹೊತ್ತುಕೊಂಡು ತಿರುಗಿದ ಬೆಟ್ಟದ ತೂಕ ಅಷ್ಟೇ, ಅರ್ಧ ಗಂಟೆ.

ಕಾಗದ ಕೊಟ್ಟಾಗ ಅಕ್ಕ "ಸರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಪಟ್ಟಿ ತೆರೆದರೆ ನಕ್ಷೆ ಕೋಣೆಯ ಮುಂದೆ ಸೊನ್ನೆಯಿರಲಿಲ್ಲ, ಒಂದು ಇತ್ತು. ಸೋಮವಾರ ಎರಡು. ಮಂಗಳವಾರ ಮೂರು. ಅವನು ಕೆಳಗೆ ಓಡಿದ. ಪರದೆಯ ಮೇಲೆ ನಕ್ಷೆಗಳು ಒಂದೊಂದಾಗಿ, ತೆವಳಿಕೊಂಡು ತೆರೆಯುತ್ತಿದ್ದವು. ಅಕ್ಕ ಕೈಕಟ್ಟಿ ಕಾಯುತ್ತಿದ್ದರು.

"ಅಕ್ಕಾ, ಲಾಗಾಫ್ ಮಾಡ್ಬೇಡಿ. ಸ್ಕ್ರಿಪ್ಟ್ ಸರಿ ಮಾಡಿದೀನಿ. ನಾಳೆಯಿಂದ ಲಾಕ್ ತೆಗೆದ್ರೂ ಲೆಕ್ಕಕ್ಕೆ ಬರುತ್ತೆ."

"ಇರ್ಲಿ ಬಿಡಿ ಸರ್," ಎಂದರು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ನಾನು ಇಪ್ಪತ್ತು ನಿಮಿಷ ಮುಂಚೆ ಬರ್ತೀನಿ."

ಅವರು ಈಗಲೂ ಹಾಗೆಯೇ ಬರುತ್ತಾರೆ. ಪ್ಲಗ್ಗಪ್ಪ ದಿನಾ ಪಟ್ಟಿ ತೆರೆದು, ಅಷ್ಟೂ ಸಾಲುಗಳಲ್ಲಿ ಮೊದಲು ಆ ಒಂದು ಸಾಲನ್ನೇ ನೋಡುತ್ತಾನೆ.