ದೂಳಿನ ಕಾಲಂ

ಗಾಳಿಯಲ್ಲಿನ ದೂಳನ್ನು ಅಳೆಯುವ ಸಣ್ಣ ಸಂಶೋಧನಾ ತಂಡವೊಂದರಲ್ಲಿ ಮೌನಳಿಗೆ ಕೆಲಸ. ಚೆನ್ನೈನ ಹಲವು ಮನೆಗಳ ತಾರಸಿಯ ಮೇಲಿಟ್ಟ ಯಂತ್ರಗಳು ಗಂಟೆಗೊಮ್ಮೆ ಕಳಿಸುವ ಅಂಕಿಗಳೆಲ್ಲ ಒಂದೇ ಟೇಬಲ್ಲಿಗೆ ಬಂದು ಬೀಳುತ್ತಿದ್ದವು. ಅಂದು ಅವಳು ‘ದೂಳು’ ಎಂದು ಶುರುವಾಗುವ, ಒಂದೊಂದು ಬಡಾವಣೆಗೆ ಒಂದರಂತಿದ್ದ ಕಾಲಂಗಳನ್ನಷ್ಟೇ ಆರಿಸಿ, ಒಂದೇ ಸಾಲಿನ ಕೋಡಿನಲ್ಲಿ ಒಂದೊಂದರ ಸರಾಸರಿ ತೆಗೆದಳು. ಪೆರಂಬೂರು, ಕ್ರೋಂಪೇಟೆಗಳ ಅಂಕಿ ಬಂತು. ಎಣ್ಣೂರಿನದು ಬರಲಿಲ್ಲ.

“ಮಧ್ಯೆ ಖಾಲಿ ಇರ್ಬೇಕು. ಅದನ್ನ ಬಿಟ್ಟು ಲೆಕ್ಕ ಹಾಕು,” ಎಂದ ಪಕ್ಕದ ಮೇಜಿನ ಸುಘೋಷ.

ಹಾಗೇ ಮಾಡಿದಳು. ಎಲ್ಲಕ್ಕಿಂತ ಶುದ್ಧ ಗಾಳಿ ಎಣ್ಣೂರಿನದೇ ಎಂದಿತು ಲೆಕ್ಕ!

“ಬಂದರಿನ ಪಕ್ಕದಲ್ಲಾ? ಒಂದು ರೌಂಡ್ ಹೋಗ್ಬಂದ್ರೆ ಅಂಗಿ ಬಣ್ಣನೇ ಬದಲಾಗತ್ತೆ,” ಎಂದು ಸುಘೋಷ ನಕ್ಕ.

ಮೌನಳಿಗೆ ನಗು ಬರಲಿಲ್ಲ, ಕುತೂಹಲ ಹತ್ತಿತು. ಅದೇ ಕಾಲಂಗಳಲ್ಲಿ ಈ ಸಲ ಸರಾಸರಿಯ ಬದಲು ಖಾಲಿ ಗಂಟೆಗಳನ್ನು ಎಣಿಸಿದಳು. ಎಣ್ಣೂರಿನಲ್ಲಿ ರಾಶಿ ರಾಶಿ. ಅವು ಬಿದ್ದ ಜಾಗವನ್ನು ನೋಡಿದಾಗಂತೂ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ದೂಳಿನ ಅಂಕಿ ಏರುತ್ತಾ ಏರುತ್ತಾ ಹೋಗಿ, ಇನ್ನೇನು ಜೋರಾಯಿತು ಎನ್ನುವಾಗ ಖಾಲಿ. ಮತ್ತೆ ಕಾಣಿಸಿಕೊಳ್ಳುವಾಗ ಇಳಿದಿರುತ್ತಿತ್ತು. ಯಂತ್ರಕ್ಕೇನು ಹೆದರಿಕೆಯೇ?

ಮರುದಿನ ಎಣ್ಣೂರಿನ ರೈಲು ಹತ್ತಿದಳು. ಯಂತ್ರವಿದ್ದದ್ದು ಬ್ಯಾಂಕಿನಿಂದ ನಿವೃತ್ತರಾದ ಶಾರದಮ್ಮನವರ ಮನೆಯಲ್ಲಿ. ಮೈಸೂರು ಕಡೆಯವರು, ಮದರಾಸಿಗೆ ಸೊಸೆಯಾಗಿ ಬಂದವರು. ಅವರು ಖುಷಿಯಿಂದ ತಾರಸಿಗೆ ಕರೆದೊಯ್ದರು. ಗಾಳಿ ಆಗಲೇ ಬೀಸುತ್ತಿತ್ತು, ಬಾಯಲ್ಲಿ ಕರಕರ. ಯಂತ್ರ ಮಾತ್ರ ಕಾಣಲಿಲ್ಲ. ಮೂಲೆಯಲ್ಲಿ ಹಳೆಯ ಸೀರೆ ಸುತ್ತಿದ ಗಂಟೊಂದು ಕೂತಿತ್ತು, ಅದರ ವೈರು ಕಿತ್ತಿಟ್ಟಿತ್ತು.

“ಇದ್ಯಾಕಮ್ಮ ಹೀಗೆ ಕಟ್ಟಿದೀರಿ?”

“ಪಾವಂ ಮಾ, ಪಾಪ ಅದು, ಎಷ್ಟು ದೂಳು ನೋಡು! ಒಳಗೆ ಹೋದ್ರೆ ಮಿಷನ್ ಕೆಟ್ಟೋಗಲ್ವಾ? ದೂಳು ಎದ್ದ ಕೂಡ್ಲೇ ಆಫ್ ಮಾಡಿ ಮುಚ್ಚಿಬಿಡ್ತೀನಿ.”

ಮೌನ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅವರ ಕೈ ಹಿಡಿದು ವಿಷಯ ಹೇಳಿದಳು.

“ಅಯ್ಯೋ, ದೂಳು ತಿನ್ನಕ್ಕೇ ಇಟ್ಟಿರೋದಾ?” ಶಾರದಮ್ಮ ಗಲ್ಲದ ಮೇಲೆ ಕೈಯಿಟ್ಟರು. “ಇಷ್ಟು ದಿನ ಉಪವಾಸ ಕೆಡವಿದೆನಲ್ಲೇ!” ತಾವೇ ಸೀರೆ ಬಿಚ್ಚಿ ವೈರು ಸಿಕ್ಕಿಸಿದರು. ಇಬ್ಬರೂ ಸೆರಗು, ದುಪಟ್ಟಾಗಳಲ್ಲಿ ಮೂಗು ಮುಚ್ಚಿಕೊಂಡು, ಮೌನಳ ಮೊಬೈಲಿನಲ್ಲಿ ಅಂಕಿ ಏರುವುದನ್ನೇ ನೋಡುತ್ತ ನಿಂತರು.

“ಇಷ್ಟೊಂದಾ? ಇದನ್ನೇ ನಾನು ದಿನಾ ಕುಡೀತಿರೋದಾ?” ಶಾರದಮ್ಮನವರ ದನಿ ಇಳಿದಿತ್ತು.

ಮೌನ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು. “ಒಳಗೆ ಹೋಗೋಣ ಬನ್ನಿ,” ಎಂದು ಅವರ ಹೆಗಲು ಬಳಸಿ ಮೆಟ್ಟಿಲಿಳಿಸಿದಳು.