ಅಂಟದ ಬೋರ್ಡು

ಡೀನಾಗೆ ಆವತ್ತು ಒಂದೇ ಒಂದು ಬೋರ್ಡು ಸುಸೂತ್ರವಾಗಿ ಮುಗಿದರೆ ಸಾಕಾಗಿತ್ತು. ಅದನ್ನು ಓಪಲಮ್ಮನ ಪಿಕಪ್ ಗಾಡಿಯ ಬಾಗಿಲಿಗೆ ಅಂಟಿಸುವ ನೆವದಲ್ಲಿ ಹೊರಗೆ ಬರಬೇಕು, ಹತ್ತಿ ಕೂರಬೇಕು, ಈ ಎನಿಡ್ ಊರನ್ನೂ ಗಂಡ ವೇಡ್‌ನನ್ನೂ ಬಿಟ್ಟು ಹೋಗಬೇಕು. ಓಪಲ್ ಅವಳ ಸತ್ತ ತಾಯಿಯ ಗೆಳತಿ, ವೆಲ್ಡಿಂಗ್ ಮಾಡಿ ಬದುಕಿದ ಗಟ್ಟಿ ಮುದುಕಿ. ವೇಡ್ ಅವಳ ಮುಖ ಕಂಡವನಲ್ಲ. ಆ ಧೈರ್ಯದ ಮೇಲೆ ಇಬ್ಬರೂ ಫೋನಿನಲ್ಲೇ ಸಂಚು ಹೂಡಿದ್ದರು.

ವೇಡ್ ತನ್ನ ಬೋರ್ಡಿನಂಗಡಿಯ ಮೇಜಿನ ಪಕ್ಕ ಅಳತೆಯ ಟೇಪು ಹಿಡಿದು ನಿಂತಿದ್ದ. ಅಂಟಿಸುವ ಕೈ ಅವಳದು, ಅಳೆಯುವ ದೊಡ್ಡಸ್ತಿಕೆ ಅವನದು. ಕೂದಲೆಳೆಯಷ್ಟು ತಪ್ಪಿದರೂ ಆ ಮಹಾನುಭಾವ ಮಾತಾಡುತ್ತಿರಲಿಲ್ಲ, ಬಾರಿಸುತ್ತಿದ್ದ. ಯಾವುದೋ ಪಿಜ್ಜಾ ಅಂಗಡಿಯ ಬೋರ್ಡು ಓರೆಯಾದದ್ದಕ್ಕೆ ಅವಳ ಎಡಗಿವಿ ಮಂದವಾಗಿತ್ತು.

ಡೀನಾ ಗಾಡಿಯ ಕಬ್ಬಿಣಕ್ಕೆ ಕಚ್ಚಿಕೊಳ್ಳುವ ಮ್ಯಾಗ್ನೆಟ್ ಹಾಳೆಯ ನಡುವಿಗೆ ಪೆನ್ಸಿಲ್ ಗುರುತು ಹಾಕಿದಳು. 'ಓಪಲ್ ವೆಲ್ಡಿಂಗ್' ಎಂಬ ವಿನೈಲ್ ಅಕ್ಷರಗಳ ನಡುವನ್ನು ಅದಕ್ಕೆ ಕೂಡಿಸಿ, ಜರುಗದಂತೆ ಮಧ್ಯಕ್ಕೊಂದು ಅಂಟುಪಟ್ಟಿ ಎಳೆದಳು. ಅಕ್ಷರಗಳ ಹಾಳೆಯನ್ನು ಅರ್ಧ ಮಡಚಿ, ಹಿಂದಿನ ಕಾಗದ ಸುಲಿದು, ನಡುವಿನಿಂದ ಅಂಚಿಗೆ ಗಾಳಿ ಓಡಿಸುತ್ತ ಒತ್ತಿದಳು. ಆಮೇಲೆ ಇನ್ನರ್ಧ.

"ಏನು ಇವತ್ತು ಇಷ್ಟು ಚುರುಕು?" ಅಂದ ವೇಡ್.

"ಕಾಫಿ ಜಾಸ್ತಿ ಆಯ್ತು."

"ಕಾಫಿನಾ, ಕೊಬ್ಬಾ?"

ನಾಲ್ಕೂ ಅಂಚು ಅಳೆದ. ತಪ್ಪು ಸಿಗಲಿಲ್ಲ. ತಪ್ಪು ಸಿಗದಿದ್ದರೆ ಅವನಿಗೆ ಇನ್ನೂ ಸಿಟ್ಟು. ಗಿರಾಕಿಯಂತೆ ಬಾಗಿಲಲ್ಲಿ ಕಾದು ನಿಂತಿದ್ದ ಓಪಲ್ ಕಡೆ ತಿರುಗಿದ. "ಬಾ ಅಜ್ಜಿ, ನಾನೇ ಅಂಟಿಸಿಕೊಡ್ತೀನಿ."

"ಅವಳೇ ಅಂಟಿಸ್ಲಿ ಬಿಡಪ್ಪ," ಅಂದಳು ಓಪಲ್.

"ಅಂಗಡಿ ಯಾರದ್ದು? ನಂದು."

ಮೂವರೂ ಹೊರಗೆ ಬಂದರು. ಓಪಲ್ ಇಂಜಿನ್ ಆರಿಸಿರಲಿಲ್ಲ. ವೇಡ್ ಬೋರ್ಡನ್ನು ಬಾಗಿಲಿಗೆ ಒತ್ತಿ ಕೈಬಿಟ್ಟ. ಅದು ಸರ್ರನೆ ಜಾರಿ ಜಲ್ಲಿಯ ಮೇಲೆ ಬಿತ್ತು. ತೋಳಿನಿಂದ ಬಾಗಿಲು ಒರೆಸಿ ಮತ್ತೆ ಒತ್ತಿದ. ಮತ್ತೆ ಬಿತ್ತು.

ಡೀನಾಗೆ ಆಗ ಹೊಳೆಯಿತು. ಅಯ್ಯೋ ದೇವರೇ, ಅಲ್ಯೂಮಿನಿಯಂ ಬಾಗಿಲು! ಈ ಕಸುಬಿನಲ್ಲಿ ಗಿರಾಕಿಗೆ ಕೇಳುವ ಮೊದಲ ಮಾತೇ 'ನಿಮ್ಮ ಗಾಡಿಗೆ ಮ್ಯಾಗ್ನೆಟ್ ಹಿಡಿಯುತ್ತಾ?' ಅಂತ. ಊರಿಗೆಲ್ಲ ಕೇಳಿದವಳು ತನ್ನ ಪ್ರಾಣದ ಮಾತು ಬಂದಾಗ ಕೇಳಲು ಮರೆತಿದ್ದಳು.

"ಜೀವಮಾನ ಎಲ್ಲ ವೆಲ್ಡಿಂಗ್ ಮಾಡಿದವಳಿಗೆ ಬಾಗಿಲು ಯಾತರದ್ದು ಅಂತ ಗೊತ್ತಿಲ್ವಾ?" ವೇಡ್ ಮೆಲ್ಲಗೆ ಕೇಳಿದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಓಪಲ್ ತಡೆಯಲಾರದೆ ಡೀನಾಳ ಮುಖ ನೋಡಿಬಿಟ್ಟಳು. ಅವನಿಗೆ ಅಷ್ಟು ಸಾಕಾಯಿತು.

"ಓಡಿಹೋಗ್ತೀಯೇನೇ?"

ಜುಟ್ಟು ಹಿಡಿದು ಡೀನಾಳ ಮುಖವನ್ನು ಬಾಗಿಲಿಗೆ ಅಪ್ಪಳಿಸಿದ. ಹಲ್ಲು ಮುರಿಯಿತು. ಮತ್ತೆ ಅಪ್ಪಳಿಸಿದ. ಓಪಲ್ ಗಾಡಿಯ ಹಿಂದಿನಿಂದ ಕಬ್ಬಿಣದ ಸರಳು ಎಳೆದು ಅವನ ಬೆನ್ನಿಗೆ ಬೀಸಿದಳು. ಅವನು ತಿರುಗಿ ಅದನ್ನೇ ಕಿತ್ತುಕೊಂಡು ಅವಳ ಮಂಡಿಗೆ ಹೊಡೆದ. ಮೂಳೆ ಲಟಕ್ಕೆಂದಿತು. ಮುದುಕಿ ಚೀರಿದರೂ ಎರಡೂ ಕೈಯಿಂದ ಅವನ ಕಾಲು ತಬ್ಬಿ ತೊಡೆ ಕಚ್ಚಿದಳು. ಅವನು ಒದ್ದು ಬಿಡಿಸಿಕೊಂಡು ಹಿಂದಕ್ಕೆ ತತ್ತರಿಸುವಷ್ಟರಲ್ಲಿ ಡೀನಾ ಅವಳನ್ನು ದರದರ ಎಳೆದು ಗಾಡಿಯೊಳಗೆ ತುರುಕಿ, ತಾನೂ ಹತ್ತಿ ಸ್ಟಿಯರಿಂಗ್ ಹಿಡಿದಳು.

ವೇಡ್ ಸರಳು ಹಿಡಿದು ಗಾಡಿಯ ಮುಂದೆ ಬಂದು ನಿಂತ. ನಗುತ್ತಿದ್ದ.

"ಹತ್ತಿಸೇ ನೋಡೋಣ! ನಿನ್ನ ಕೈಲಿ ಒಂದು ಇರುವೆ ಸಾಯಲ್ಲ."

ಅವಳು ಹತ್ತಿಸಿದಳು. ಅವನು ಬಾನೆಟ್ಟಿನ ಮೇಲೆ ಬಿದ್ದು ಪಕ್ಕಕ್ಕೆ ಉರುಳಿದ. ಹಿಂದಿನ ಚಕ್ರ ಅವನ ಕಾಲಿನ ಮೇಲೆ ಹರಿದದ್ದು ಸೀಟಿನವರೆಗೂ ತಿಳಿಯಿತು. ರಸ್ತೆಯಂಚಿಗೆ ಬಂದು ನಿಲ್ಲಿಸಿದಳು.

"ಸತ್ನೇನೇ?" ಓಪಲ್ ನರಳುತ್ತ ಕೇಳಿದಳು.

ಕನ್ನಡಿಯಲ್ಲಿ ಅವನು ಜಲ್ಲಿಯ ಮೇಲೆ ತೆವಳುತ್ತಿದ್ದ. ಅಷ್ಟಾದರೂ ಅವಳ ಹೆಸರು ಹಿಡಿದು ಬಯ್ಯುತ್ತಿದ್ದ.

"ಇಲ್ಲ," ಅಂದಳು ಡೀನಾ. ಗೇರನ್ನು ಹಿಂದಕ್ಕೆ ಹಾಕಿದಳು.

ಓಪಲ್ ಅವಳ ಕೈ ಮೇಲೆ ಕೈಯಿಟ್ಟಳು. "ಬೇಡ ಮಗಳೇ. ಬಿಟ್ಟು ಹೋಗೋಕೆ ತಾನೆ ಬಂದಿದ್ದು? ಬಿಟ್ಟುಬಿಡು."

ಗಾಡಿ ಅಲ್ಲೇ ಗುರುಗುಟ್ಟುತ್ತ ನಿಂತಿತ್ತು. ಕೊನೆಗೆ ಡೀನಾ ಬಾಯೊಳಗಿನ ರಕ್ತ ಉಗಿದು ಗೇರು ಮುಂದಕ್ಕೆ ಹಾಕಿದಳು. ಓಪಲ್ ಆಂಬುಲೆನ್ಸಿಗೆ ಫೋನು ಹಚ್ಚಿದಳು. ಅವನನ್ನು ಕೊಲ್ಲದೆ ಬಿಟ್ಟೆನಲ್ಲ ಎಂಬ ಸಂಕಟಕ್ಕೆ ಡೀನಾ ಊರು ದಾಟುವವರೆಗೂ ಅಳುತ್ತಲೇ ಇದ್ದಳು.